ಏಳು ಅಕ್ಷರ, ಹತ್ತಾರು ಪದ: ಅಮ್ಮ-ಮಕ್ಕಳ ಇಂಗ್ಲಿಷ್ ಆಟ

"ಅಮ್ಮಾ, ಇದು ನಿನಗೆ ಗೊತ್ತಾಗೋಲ್ಲ ಬಿಡು!" ಇಂಗ್ಲಿಷ್ ಪುಸ್ತಕ ಮುಚ್ಚಿಕೊಂಡು ಮಕ್ಕಳು ಹೀಗೆನ್ನುವುದನ್ನು ನೀವೂ ಕೇಳಿರಬಹುದು. ಕನ್ನಡ ಮಾಧ್ಯಮದಲ್ಲಿ ಓದಿದ ತಾಯಿಗೆ ಈ ಮಾತು ಚುಚ್ಚದೆ ಇರುತ್ತದೆಯೇ? ಎಷ್ಟೋ ಮನೆಗಳಲ್ಲಿ ಹೋಂವರ್ಕಿನ ಹೊತ್ತಿಗೆ ಅಮ್ಮ ಮೆಲ್ಲಗೆ ಅಡಿಗೆಮನೆ ಸೇರಿಬಿಡುತ್ತಾಳೆ. ಸೋದರಿಯರೇ, ಹಾಗೆ ದೂರ ಸರಿಯಬೇಕಾಗಿಲ್ಲ. ಇಂಗ್ಲಿಷಿನ 26 ಅಕ್ಷರ ಗುರುತಿಸಲು ಬಂದರೆ ಸಾಕು, ಮಕ್ಕಳ ಪಕ್ಕದಲ್ಲೇ ಕುಳಿತು ಆಡುವ ಆಟವೊಂದಿದೆ. ಕೊಟ್ಟ ಅಕ್ಷರಗಳೊಳಗೆ ಅಡಗಿರುವ ಪದಗಳನ್ನು ಹುಡುಕುವುದೇ ಆ ಆಟ.

ಇದಕ್ಕೊಂದು ಕಥೆಯೂ ಉಂಟು. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಅಮೆರಿಕದ ಆಲ್‌ಫ್ರೆಡ್ ಬಟ್ಸ್ ಎಂಬ ವಾಸ್ತುಶಿಲ್ಪಿ ಕೆಲಸ ಕಳೆದುಕೊಂಡರು. ಸುಮ್ಮನೆ ಕೂರದೆ, ಪತ್ರಿಕೆಯ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿ, ಆ ಲೆಕ್ಕದ ಮೇಲೆ ಒಂದು ಪದದಾಟ ಕಟ್ಟಿದರು. 1948ರಲ್ಲಿ ಅದಕ್ಕೆ ‘ಸ್ಕ್ರ್ಯಾಬಲ್’ ಎಂಬ ಹೆಸರು ಬಂತು.

ಅಂಗಡಿಯಿಂದ ಕೊಳ್ಳಲೇಬೇಕೆಂದಿಲ್ಲ. ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದವನ್ನು ಚೌಕ ಚೌಕವಾಗಿ ಕತ್ತರಿಸಿ, ಒಂದೊಂದರ ಮೇಲೆ ಒಂದೊಂದು ಅಕ್ಷರ ಬರೆಯಿರಿ. ಬಟ್ಸ್ ಅವರ ಲೆಕ್ಕ ಹೀಗಿದೆ: ಇ 12, ಎ, ಐ ತಲಾ 9, ಓ 8, ಎನ್, ಆರ್, ಟಿ ತಲಾ 6, ಎಲ್, ಎಸ್, ಯು, ಡಿ ತಲಾ 4, ಜಿ 3, ಜೆ, ಕೆ, ಕ್ಯೂ, ಎಕ್ಸ್, ಝಡ್ ಒಂದೊಂದೇ, ಉಳಿದವು ಎರಡೆರಡು. ಒಟ್ಟು 98. ಖಾಲಿ ಚೀಟಿ ಎರಡು ಸೇರಿಸಿದರೆ ನೂರಾಯಿತು. ಖಾಲಿ ಚೀಟಿಯನ್ನು ಯಾವ ಅಕ್ಷರಕ್ಕೆ ಬೇಕಾದರೂ ಬಳಸಬಹುದು. ಎಲ್ಲವನ್ನೂ ಒಂದು ಡಬ್ಬಿಯಲ್ಲಿ ಹಾಕಿಡಿ.

ಇನ್ನು ಹುಡುಕುವ ಬಗೆ. ಮೊದಲ ದಿನಕ್ಕೆ ‘ಟೀಚರ್’ ಪದದ ಏಳು ಚೀಟಿ ತೆಗೆದುಕೊಳ್ಳಿ: ಟಿ, ಇ, ಎ, ಸಿ, ಎಚ್, ಇ, ಆರ್. ಚೀಟಿ ಎಷ್ಟಿವೆಯೋ ಅಷ್ಟು ಸಲ ಮಾತ್ರ ಆ ಅಕ್ಷರ ಬಳಸಬೇಕು.

1. ಅಕ್ಕಿಯಿಂದ ಕಲ್ಲು ಆರಿಸುವಂತೆ ಸ್ವರಗಳನ್ನು ಬೇರೆ ಮಾಡಿ. ಎರಡು ಇ, ಒಂದು ಎ. ಚಿಕ್ಕ ಪದಗಳು ತಾವಾಗಿಯೇ ಕಾಣುತ್ತವೆ: ಟೀ, ಈಟ್, ಹ್ಯಾಟ್, ಇಯರ್, ಟ್ರೀ.

2. ಜೊತೆ ಬಿಡದ ಅಕ್ಷರಗಳನ್ನು ಅಂಟಿಸಿಡಿ. ಸಿ-ಎಚ್ ಸೇರಿದರೆ ಈಚ್, ರೀಚ್, ಚೀಟ್, ಚಾರ್ಟ್. ಟಿ-ಎಚ್ ಸೇರಿದರೆ ತ್ರೀ, ದೇರ್.

3. ಪದದ ಬಾಲ ನೋಡಿ. ಇ-ಆರ್ ಚೀಟಿಗಳನ್ನು ಬಲಕ್ಕೆ ಸರಿಸಿದರೆ ಎಡಗಡೆ ‘ಟೀಚ್’ ಉಳಿಯುತ್ತದೆ. ಐ-ಎನ್-ಜಿ ಸಿಕ್ಕಾಗಲೂ ಹೀಗೆಯೇ ಮಾಡಿ.

4. ಏನೂ ತೋಚದಿದ್ದರೆ ಚೀಟಿಗಳನ್ನು ಬಳೆಯ ಹಾಗೆ ವೃತ್ತಾಕಾರವಾಗಿ ಜೋಡಿಸಿ. ಸಾಲಿನಲ್ಲಿ ಕಾಣದ ಪದ ಎಷ್ಟೋ ಸಲ ವೃತ್ತದಲ್ಲಿ ಕಣ್ಣಿಗೆ ಬೀಳುತ್ತದೆ.

ಈಗ ಸ್ವಾರಸ್ಯ ನೋಡಿ. ಏಳು ಚೀಟಿಯನ್ನೂ ಹಿಂದುಮುಂದು ಮಾಡಿದರೆ, ಹೊಲ ಅಳೆಯುವ ‘ಹೆಕ್ಟೇರ್’ ಹೊರಡುತ್ತದೆ! ಮೋಸಗಾರ ಎನ್ನುವ ‘ಚೀಟರ್’ ಕೂಡ ಅಲ್ಲೇ ಇದ್ದಾನೆ.

ಇದು ಬರೀ ಕಾಲಹರಣವಲ್ಲ. ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ಇಂಗ್ಲಿಷಿನಲ್ಲಿ ಹಾಗಿಲ್ಲ. ಇದೇ ಚೀಟಿಗಳಲ್ಲಿ ‘ಹಿಯರ್’, ‘ಹಾರ್ಟ್’, ‘ಅರ್ಥ್’ ಮಾಡಿ ನೋಡಿ. ಕೇಳುವುದು, ಹೃದಯ, ಭೂಮಿ. ಮೂರರಲ್ಲೂ ಇ-ಎ-ಆರ್ ಇದೆ, ಉಚ್ಚಾರಣೆ ಮಾತ್ರ ಮೂರು ಬಗೆ. ಮಕ್ಕಳು ಸ್ಪೆಲಿಂಗ್ ತಪ್ಪುವುದು ಇಂಥ ಕಡೆಯೇ. ಕೈಯಾರೆ ಚೀಟಿ ಜೋಡಿಸಿದಾಗ ಅಕ್ಷರಗಳ ಕ್ರಮ ಮನಸ್ಸಿನಲ್ಲಿ ನಿಲ್ಲುತ್ತದೆ.

ಎರಡು ಕಿವಿಮಾತು. ಪದ ಮಾಡಿದವರು ಕನ್ನಡದಲ್ಲಿ ಅದರ ಅರ್ಥವನ್ನೂ ಹೇಳಬೇಕು. ತಿಳಿಯದಿದ್ದರೆ ಇಬ್ಬರೂ ಸೇರಿ ನಿಘಂಟು ತೆರೆಯಿರಿ. ಮೊಬೈಲಿಗೆ ಅಕ್ಷರ ಕೊಟ್ಟರೆ ಕ್ಷಣದಲ್ಲಿ ಪದಗಳ ಪಟ್ಟಿ ಬರುತ್ತದೆ, ನಿಜ. ಆದರೆ ಅದು ಆಟ ಮುಗಿದ ಮೇಲಿರಲಿ. ಇನ್ನೊಂದು ಮಾತು: ತಪ್ಪು ಪದ ಮಾಡಿದರೆ ನಗಬೇಡಿ, ಗದರಬೇಡಿ. ಅವರು ನಿಮ್ಮನ್ನು ತಿದ್ದಿದರೆ ಸಂಕೋಚಪಡಬೇಡಿ. ಅಮ್ಮನಿಗೆ ಪಾಠ ಹೇಳಿಕೊಟ್ಟ ಮಗು ಆ ಪಾಠವನ್ನು ಮರೆಯುವುದುಂಟೇ?

ಕೊನೆಗೆ ನಿಮಗೊಂದು ಮನೆಪಾಠ. ಪಿ, ಓ, ಎಸ್, ಟಿ, ಈ ನಾಲ್ಕೇ ಚೀಟಿ. ನಾಲ್ಕನ್ನೂ ಬಳಸಿ ಐದು ಪದ ಮಾಡಬೇಕು. ತಲೆ ಕೆರೆದುಕೊಂಡ ಮೇಲೆ ಮುಂದೆ ಓದಿ: ಪೋಸ್ಟ್, ಸ್ಟಾಪ್, ಸ್ಪಾಟ್, ಪಾಟ್ಸ್, ಟಾಪ್ಸ್. ಇಂದು ರಾತ್ರಿ ಊಟವಾದ ಮೇಲೆ ಇದನ್ನೇ ಮಕ್ಕಳ ಮುಂದಿಡಿ. ಮೊದಲ ಪದ ಯಾರಿಗೆ ಹೊಳೆಯುತ್ತದೋ ನೋಡೋಣ!