1712 ಮೀಟರ್ ಬೆಟ್ಟ, 1590 ಮೀಟರ್ ಏರು

ಮುಳ್ಳಯ್ಯನಗಿರಿ 1930 ಮೀಟರ್. ಕುದುರೆಮುಖ 1894. ಕುಮಾರಪರ್ವತ 1712. ಎತ್ತರದ ಪಟ್ಟಿಯಲ್ಲಿ ಕುಮಾರಪರ್ವತ ಈ ಮೂರರಲ್ಲಿ ಕೊನೆಯದು, ಮಂಡಿಯ ಪಟ್ಟಿಯಲ್ಲಿ ಮೊದಲನೆಯದು. ಮುಳ್ಳಯ್ಯನಗಿರಿಯಲ್ಲಿ ತುದಿಯ ಹತ್ತಿರದವರೆಗೂ ಟಾರು ರಸ್ತೆ ಇದೆ, ಮಿಕ್ಕಿದ್ದು ಮೆಟ್ಟಿಲು. ಕುಮಾರಪರ್ವತಕ್ಕೆ ಕುಕ್ಕೆ ಸುಬ್ರಹ್ಮಣ್ಯದಿಂದ ಹೊರಟರೆ ನಡಿಗೆ ಶುರುವಾಗುವುದೇ ಸಮುದ್ರಮಟ್ಟದಿಂದ ಸುಮಾರು 120 ಮೀಟರಿನಲ್ಲಿ. ಕಾಲಿನ ಪಾಲಿಗೆ ಬರುವ ಏರು 1590 ಮೀಟರ್. ಉತ್ತರಾಖಂಡದ ಕೇದಾರಕಾಂಠಕ್ಕೆ (3810 ಮೀ.) ಹೋಗುವವರು 1950 ಮೀಟರಿನ ಆಸುಪಾಸಿನ ಸಾಂಕ್ರಿಯಿಂದ ಹೊರಟು ಸುಮಾರು 1860 ಮೀಟರ್ ಏರುತ್ತಾರೆ, ಅದೂ ಎರಡು ಮೂರು ದಿನಕ್ಕೆ ಹಂಚಿಕೊಂಡು. ನಾವು ಅದರ ಮುಕ್ಕಾಲಿಗಿಂತ ಹೆಚ್ಚನ್ನು ಒಂದೇ ದಿನದಲ್ಲಿ ಏರಿ, ಅಷ್ಟನ್ನೂ ಇಳಿದು, ರಾತ್ರಿ ಬಸ್ಸು ಹಿಡಿಯುವ ಲೆಕ್ಕ ಹಾಕುತ್ತೇವೆ.

ಈ ಲೆಕ್ಕ ಕೂಡುತ್ತದೆಯೇ? ಹೊರಡುವ ಮುನ್ನ ಶೂ ಯಾವುದು, ಬ್ಯಾಗ್ ಯಾವುದು ಎಂದು ಕೇಳುವವರೇ ಹೆಚ್ಚು. ಮೊದಲು ಕೇಳಬೇಕಾದ್ದು ಗಂಟೆಯ ಲೆಕ್ಕ.

ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ಕೆಲಸಕ್ಕೆ ಬರುತ್ತದೆ: 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುಕ್ಕೆಯಿಂದ ತುದಿಗೆ ಸುಮಾರು 13 ಕಿ.ಮೀ. ದೂರಕ್ಕೆ 2 ಗಂಟೆ 36 ನಿಮಿಷ, ಏರಿಗೆ 2 ಗಂಟೆ 39 ನಿಮಿಷ, ಒಟ್ಟು ಐದೂಕಾಲು ಗಂಟೆ. ಕಡಿದಾದ ಇಳಿಜಾರಿನಲ್ಲಿ ಪ್ರತಿ 300 ಮೀಟರಿಗೆ 10 ನಿಮಿಷ ಸೇರಿಸಬೇಕೆಂಬ ತಿದ್ದುಪಡಿ ಆಮೇಲೆ ಬಂತು. ಅದರಂತೆ ಇಳಿಯಲು ಮೂರೂವರೆ ಗಂಟೆ. ಹೋಗಿಬರಲು ಒಟ್ಟು ಎಂಟು ಮುಕ್ಕಾಲು. ಗಂಟೆಗೆ ಹತ್ತು ನಿಮಿಷ ಕೂತರೆ, ಬುತ್ತಿಗೂ ತುದಿಯ ಫೋಟೋಗೂ ಅರ್ಧ ಗಂಟೆ ಬಿಟ್ಟರೆ, ಹತ್ತು ಮುಕ್ಕಾಲು. ಡಿಸೆಂಬರಿನಲ್ಲಿ ಕುಕ್ಕೆಯಲ್ಲಿ ಹಗಲು ಇರುವುದು ಸುಮಾರು ಹನ್ನೊಂದೂವರೆ ಗಂಟೆ.

ಉಳಿಯುವುದು ಮುಕ್ಕಾಲು ಗಂಟೆ. ನೇಸ್ಮಿತ್ ಲೆಕ್ಕ ಹಾಕಿದ್ದಾದರೂ ಬೆಟ್ಟ ಹತ್ತಿ ಪಳಗಿದ ಕಾಲುಗಳಿಗೆ. ವಾರಪೂರ್ತಿ ಕುರ್ಚಿಯಲ್ಲಿ ಕೂತವರು ಅದಕ್ಕೆ ಕಾಲು ಭಾಗ ಸೇರಿಸಿದರೆ ಹದಿಮೂರು ಗಂಟೆ ದಾಟುತ್ತದೆ, ಕೊನೆಯ ಎರಡು ಗಂಟೆ ಕತ್ತಲಲ್ಲಿ, ಬೇರು ಕಲ್ಲುಗಳ ಇಳಿಜಾರು. ಗುಂಪಿನ ವೇಗವೆಂದರೆ ಗುಂಪಿನಲ್ಲಿ ಅತಿ ನಿಧಾನ ನಡೆಯುವವರ ವೇಗ ಎಂಬುದನ್ನೂ ಇದಕ್ಕೆ ಕೂಡಿಸಿಕೊಳ್ಳಿ. ಮಧ್ಯಾಹ್ನ ಹನ್ನೆರಡೂವರೆಗೆ ಎಲ್ಲಿದ್ದೀರೋ ಅಲ್ಲಿಂದ ಹಿಂತಿರುಗುವುದೆಂದು ಬೆಳಿಗ್ಗೆಯೇ ಮಾತಾಡಿಕೊಂಡು ಹೊರಡುವುದು ಒಳ್ಳೆಯದು. ತುದಿಗೆ ಮುಂಚೆ ಸಿಗುವ ಶೇಷಪರ್ವತದ ಹತ್ತಿರ ನಿಂತು ‘ಇನ್ನು ಸ್ವಲ್ಪವೇ ಅಲ್ವಾ’ ಎನ್ನುವವರ ಜೊತೆ ವಾದಕ್ಕೆ ಆಗ ಉಸಿರು ಇರುವುದಿಲ್ಲ.

ಸೋಮವಾರಪೇಟೆ ಕಡೆಯ ಬೀದಳ್ಳಿ ದಾರಿಯ ಅಂಕಿಗಳೇ ಬೇರೆ. ದೂರ ಸುಮಾರು 7 ಕಿ.ಮೀ., ಏರು ಕುಕ್ಕೆ ದಾರಿಯ ಅರ್ಧಕ್ಕಿಂತ ಕಡಿಮೆ. ಅದೇ ಸೂತ್ರದಲ್ಲಿ ವಿಶ್ರಾಂತಿಯೂ ಸೇರಿ ಆರು ಗಂಟೆಯೊಳಗೆ. ಮೊದಲ ಸಲ ಹೋಗುವವರಿಗೆ, ಹತ್ತು ಹನ್ನೆರಡು ವರ್ಷದ ಮಕ್ಕಳನ್ನು ಕರೆದೊಯ್ಯುವವರಿಗೆ ನಾನು ಹೇಳುವುದು ಈ ದಾರಿಯನ್ನೇ. ‘ಕುಕ್ಕೆಯಿಂದ ಹತ್ತಿದರೇನೇ ಹತ್ತಿದ ಹಾಗೆ’ ಎಂಬ ಜಂಬಕ್ಕೆ ಮಂಡಿ ಬೆಲೆ ತೆರುತ್ತದೆ.

ಈಗ ನೀರು. ಕುಕ್ಕೆಯಿಂದ ಗಿರಿಗದ್ದೆಯವರೆಗೆ, ಅಂದರೆ ಮೊದಲ ಐದಾರು ಕಿಲೋಮೀಟರ್ ದಟ್ಟ ಕಾಡಿನ ನೆರಳು. ಅಲ್ಲಿಂದ ಮೇಲೆ ಬಹುಪಾಲು ಬೋಳು ಹುಲ್ಲುಗುಡ್ಡ. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಇಳಿಯುತ್ತದೆ, ಹಾಗಾಗಿ ತುದಿ ಕುಕ್ಕೆಗಿಂತ ಸುಮಾರು 10 ಡಿಗ್ರಿ ತಂಪು. ಈ ತಂಪನ್ನು ನಂಬಿಯೇ ಜನ ಒಂದು ಲೀಟರಿನ ಬಾಟಲಿ ಹಿಡಿದು ಹೊರಡುವುದು. ದೇಹದ ಲೆಕ್ಕ ಬೇರೆ ಹೇಳುತ್ತದೆ. 70 ಕೆ.ಜಿ. ಮನುಷ್ಯ 7 ಕೆ.ಜಿ. ಚೀಲದೊಂದಿಗೆ 1590 ಮೀಟರ್ ಮೇಲೇರಲು ಬೇಕಾದ ಶಕ್ತಿ ಸುಮಾರು 290 ಕಿಲೋಕ್ಯಾಲರಿ. ಆದರೆ ಸ್ನಾಯು ಉರಿಸಿದ್ದರಲ್ಲಿ ಕಾಲು ಭಾಗವೋ ಐದನೇ ಒಂದು ಭಾಗವೋ ಮಾತ್ರ ಕೆಲಸವಾಗುತ್ತದೆ, ಮಿಕ್ಕಿದ್ದು ಶಾಖ. ಆದ್ದರಿಂದ ಉರಿಯುವುದು 1150ರಿಂದ 1450, ಹೊರಹಾಕಬೇಕಾದ ಶಾಖ 850ರಿಂದ 1150. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಒಯ್ಯುವುದು ಸುಮಾರು 580 ಕಿಲೋಕ್ಯಾಲರಿ. ಬರೀ ಏರಿನ ಶಾಖಕ್ಕೇ ಒಂದೂವರೆಯಿಂದ ಎರಡು ಲೀಟರ್ ಹೋಯಿತು. ಹಣೆಯಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ಆವಿಯಾಗದೆ ವ್ಯರ್ಥ, ಕರಾವಳಿ ತಪ್ಪಲಿನ ಜಿಗುಟು ಹವೆಯಲ್ಲಿ ಅದೇ ಹೆಚ್ಚು. ದೂರದ ನಡಿಗೆ, ಇಳಿತ, ಮಧ್ಯಾಹ್ನದ ಬಿಸಿಲು ಸೇರಿದರೆ ತಲೆಗೆ 4 ಲೀಟರ್ ದುಂದಲ್ಲ.

ನಾಲ್ಕು ಲೀಟರ್ ಎಂದರೆ ನಾಲ್ಕು ಕೆ.ಜಿ. ಖಾಲಿ ಬ್ಯಾಗು 1 ಕೆ.ಜಿ., ಬುತ್ತಿ 800 ಗ್ರಾಂ, ಮಳೆಕೋಟು 300, ಒಂದು ಜೊತೆ ಬಟ್ಟೆ 300, ಬ್ಯಾಂಡೇಜು ಮಾತ್ರೆ 200, ಹೆಡ್‌ಲ್ಯಾಂಪ್ 100. ಒಟ್ಟು 6.7 ಕೆ.ಜಿ., ಅದರಲ್ಲಿ ನೀರೇ ಶೇ. 60. ಸಾವಿರಾರು ರೂಪಾಯಿ ಕೊಟ್ಟು ಹಗುರ ಜಾಕೆಟ್ ಕೊಂಡು 200 ಗ್ರಾಂ ಉಳಿಸುವುದಕ್ಕಿಂತ ಎಲ್ಲಿ ನೀರು ತುಂಬಿಸಿಕೊಳ್ಳಬಹುದು ಎಂದು ಗಿರಿಗದ್ದೆಯಲ್ಲಿ ವಿಚಾರಿಸುವುದು ಲಾಭ. ಅಲ್ಲಿ ಬಾಟಲಿ ತುಂಬುವುದಾದರೆ ಕುಕ್ಕೆಯಿಂದ ಎರಡು ಲೀಟರ್ ಹೊತ್ತರೆ ಸಾಕು. ಇನ್ನೂ ಮೇಲೆ ಸಿಗುವ ಕಲ್ಲುಮಂಟಪದ ಬಳಿಯ ತೊರೆ ಮಳೆ ಮುಗಿದ ಹೊಸತರಲ್ಲಿ ಇರುತ್ತದೆ, ಫೆಬ್ರವರಿಯಲ್ಲಿ ಅದನ್ನು ನೆಚ್ಚಬೇಡಿ. ಬರೀ ನೀರು ಕುಡಿದು ಮೀನಖಂಡ ಹಿಡಿದುಕೊಳ್ಳುವವರಿಗೆ ಓಆರ್‌ಎಸ್ ಪೊಟ್ಟಣ ಒಂದು ಲೀಟರಿಗೆ ಒಂದು. ಮನೆಯಲ್ಲೇ ಆದರೆ ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಬುತ್ತಿಗೆ ಪುಳಿಯೋಗರೆ ಚೆನ್ನ, ಜೇಬಿಗೆ ಕಡಲೆಕಾಯಿ ಚಿಕ್ಕಿ: ನೂರು ಗ್ರಾಮಿಗೆ ಸುಮಾರು 500 ಕಿಲೋಕ್ಯಾಲರಿ.

ಸಂಖ್ಯೆಯ ವಿಷಯ ಬಂದ ಮೇಲೆ ಇನ್ನೊಂದು: 300. 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ಮೇಲೆ ಇರುವೆ ಸಾಲಿನಂತೆ ನಿಂತ ಜನರ ಚಿತ್ರ ಎಲ್ಲರ ಮೊಬೈಲಿಗೂ ಬಂತು. ಅದರ ಬೆನ್ನಿಗೇ ಸರ್ಕಾರ ಆನ್‌ಲೈನ್ ಬುಕ್ಕಿಂಗ್ ಇಲ್ಲದ ಚಾರಣಗಳನ್ನು ನಿಲ್ಲಿಸಿತು, ಆ ವರ್ಷವೇ ‘ಅರಣ್ಯ ವಿಹಾರ’ ಜಾಲತಾಣ ತೆರೆದು ಒಂದು ದಾರಿಗೆ ದಿನಕ್ಕೆ 300 ಜನ ಎಂದು ಮಿತಿ ಹಾಕಿತು. ಗೇಟಿನ ಬಳಿ ಹೋಗಿ ಚೀಟಿ ಹರಿಸಿಕೊಳ್ಳುವ ಕಾಲ ಮುಗಿಯಿತು. ರಜೆ ದಿನದ ಟಿಕೆಟ್ ಬೇಗ ಖಾಲಿಯಾಗುತ್ತದೆ, ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ, ಮಳೆಗಾಲದಲ್ಲಿ ಜಾರಿಕೆಗೆ ದಾರಿ ಮುಚ್ಚುತ್ತಾರೆ. ಬಸ್ಸು ರೂಮು ಕಾದಿರಿಸುವುದು ಈ ಟಿಕೆಟ್ ಕೈಗೆ ಬಂದ ಮೇಲೆ.

ಖರ್ಚಿನಲ್ಲಿ ಕೈ ಬಿಗಿ ಹಿಡಿಯಬಾರದ ಜಾಗ ಒಂದೇ, ಶೂ. ಎರಡು ಮೂರು ಸಾವಿರದೊಳಗೆ ಅಡಿಯಲ್ಲಿ ಆಳ ಗೀರುಗಳಿರುವ ಜೋಡಿ ಸಿಗುತ್ತದೆ. ಕೊಳ್ಳುವುದು ಸಂಜೆ, ಪಾದ ಊದಿಕೊಂಡಾಗ. ದಪ್ಪ ಕಾಲುಚೀಲ ಹಾಕಿ, ಮುಂದೆ ಹೆಬ್ಬೆರಳಿನಗಲ ಜಾಗ ಬಿಟ್ಟು. ಇಳಿಯುವಾಗ ಪಾದ ಮುಂದಕ್ಕೆ ಜಾರಿ ಉಗುರು ಪ್ರತಿ ಹೆಜ್ಜೆಗೂ ಶೂವಿನ ಮೂತಿಗೆ ಬಡಿಯುತ್ತದೆ. ಹೆಜ್ಜೆಗೆ 65 ಸೆಂಟಿಮೀಟರಿನಂತೆ 13 ಕಿಲೋಮೀಟರಿಗೆ ಇಪ್ಪತ್ತು ಸಾವಿರ ಬಡಿತ. ಮನೆಗೆ ಬಂದು ನೋಡಿದರೆ ಹೆಬ್ಬೆರಳಿನ ಉಗುರು ನೇರಳೆಹಣ್ಣಿನ ಬಣ್ಣ, ಎರಡು ತಿಂಗಳಿಗೆ ಕಳಚಿ ಬೀಳುತ್ತದೆ. ಹಿಂದಿನ ರಾತ್ರಿ ಉಗುರು ಕತ್ತರಿಸಿ, ಇಳಿಯುವ ಮೊದಲು ಲೇಸನ್ನು ಹರಡಿನ ಬಳಿ ಬಿಗಿದು ಕಟ್ಟಿದರೆ ಇದರಲ್ಲಿ ಬಹುಪಾಲು ತಪ್ಪುತ್ತದೆ.

ತಯಾರಿಗೆ ಮೈಸೂರಿನವರಿಗೆ ಚಾಮುಂಡಿಬೆಟ್ಟದ ಮೆಟ್ಟಿಲಿದೆ. ಕೆಳಗಿನಿಂದ ದೇವಸ್ಥಾನಕ್ಕೆ ಏರು 250ರಿಂದ 300 ಮೀಟರ್, ಅಂಥ ಐದಾರು ಸಲಕ್ಕೆ ಒಂದು ಕುಮಾರಪರ್ವತ. ಒಂದೇ ಬೆಳಿಗ್ಗೆ ಮೂರು ಸಲ ಹತ್ತಿ ಇಳಿದು ಮರುದಿನ ಕೆಲಸಕ್ಕೆ ಹೋಗಬಲ್ಲವರು ಕುಕ್ಕೆ ದಾರಿಯ ಟಿಕೆಟ್ ತೆಗೆಯಬಹುದು. ಎರಡನೇ ಸಲಕ್ಕೇ ಮೆಟ್ಟಿಲ ದಾರಿಯ ನಂದಿಯ ಹತ್ತಿರ ಕೂತವರು ಬೀದಳ್ಳಿಯದನ್ನು ನೋಡಲಿ.