ಸೀತಾಳೆ ಹೂವಿನ ಮೇಲಿನ ದುಂಬಿ ಯಾವುದು?

ಕಾಡಿನ ಸೀತಾಳೆ, ಅಂದರೆ ಆರ್ಕಿಡ್ ಗಿಡದ ಮೇಲೆ ಎಲೆ ದುಂಬಿ ಇದೆ ಎಂಬುದು ಸಾಮಾನ್ಯವಾಗಿ ಮೊದಲು ಗೊತ್ತಾಗುವುದು ದುಂಬಿಯಿಂದಲ್ಲ, ಅದು ಮಾಡಿಟ್ಟ ಗಾಯದಿಂದ. ಎಳೆಯ ಚಿಗುರಿನ ಮೇಲೆ ಹೆರೆದಂತಹ ಗೆರೆಗಳು, ಅಂಚಿನಲ್ಲಿ ಕಚ್ಚಿದ ಹೂದಳ, ತೂತು ಬಿದ್ದ ಮೊಗ್ಗು. ಕೈ ಹತ್ತಿರ ಹೋದರೆ ದುಂಬಿ ಕಾಲು ಮಡಚಿ ಕೆಳಗೆ ಉದುರುತ್ತದೆ, ಹುಲ್ಲಿನಲ್ಲಿ ಮಾಯವಾಗುತ್ತದೆ. ಕನ್ನಡದಲ್ಲಿ ದುಂಬಿ ಎಂದರೆ ಮಕರಂದಕ್ಕೆ ಬರುವ ಭ್ರಮರವೂ ಹೌದು. ಇಲ್ಲಿನದು ಬೇರೆ: ಗಟ್ಟಿ ಮೇಲ್ರೆಕ್ಕೆಯ, ಕ್ರೈಸೊಮೆಲಿಡೆ ಕುಟುಂಬದ ಕೀಟ. ಹೆಸರು ಪಡೆದ 35,000ಕ್ಕೂ ಹೆಚ್ಚು ಪ್ರಭೇದಗಳು ಈ ಕುಟುಂಬದಲ್ಲಿವೆ. ಅವುಗಳ ಪೈಕಿ ಸೀತಾಳೆಯನ್ನು ನೆಚ್ಚಿಕೊಂಡಿರುವವು ಕೆಲವೇ.

ಅವುಗಳಲ್ಲಿ ಹೆಚ್ಚು ಪರಿಚಿತವಾದದ್ದು ಪೂರ್ವ ಆಸ್ಟ್ರೇಲಿಯಾದ ಸ್ಟೆಥೊಪ್ಯಾಕಿಸ್ ಫಾರ್ಮೋಸ. ಅಲ್ಲಿನವರು ಇದನ್ನು ಡೆಂಡ್ರೋಬಿಯಂ ದುಂಬಿ ಎನ್ನುತ್ತಾರೆ. ಕಿತ್ತಳೆ ಬಣ್ಣದ ಮೈ, ಮೇಲೆ ದೊಡ್ಡ ಕಪ್ಪು ಮಚ್ಚೆಗಳು. ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್ ಕಾಡುಗಳ ಆರ್ಕಿಡ್‌ಗಳೇ ಇದರ ಮೂಲ ನೆಲೆ. ಅಲ್ಲಿಂದ ಹೂತೋಟಗಳಿಗೂ ಇಳಿಯುತ್ತದೆ. ಇದರ ಮರಿಹುಳು ಹೂವನ್ನಷ್ಟೇ ತಿಂದು ಬಿಡುವುದಿಲ್ಲ, ಎಳೆಯ ಕಾಂಡದ ಒಳಗೂ ಕೊರೆಯುತ್ತದೆ. ಬೆಳೆದ ಮೇಲೆ ಥರ್ಮಕೋಲ್ ತುಂಡಿನಂತೆ ಕಾಣುವ ಬಿಳಿ ನೊರೆಗೂಡನ್ನು ಕಟ್ಟಿ ಅದರೊಳಗೆ ಕೋಶವಾಗುತ್ತದೆ. ಇದಕ್ಕೆ ಹೆಸರಿಟ್ಟವರು ಇಂಗ್ಲೆಂಡಿನ ವೈದ್ಯ ಜೋಸೆಫ್ ಶುಗರ್ ಬಾಲಿ. ಫಾರ್ಮೋಸ ಎಂದ ಮಾತ್ರಕ್ಕೆ ತೈವಾನ್ ದ್ವೀಪದ ನಂಟು ಹುಡುಕಬೇಕಿಲ್ಲ, ಲ್ಯಾಟಿನ್‌ನಲ್ಲಿ ಅದರ ಅರ್ಥ ಚೆಲುವೆ. ಆಗ್ನೇಯ ಏಷ್ಯಾದಲ್ಲಿ ಇದೇ ಜಾಗ ಹಿಡಿದಿರುವುದು ಲೇಮ ಪೆಕ್ಟೊರಾಲಿಸ್ ಎಂಬ ಹಳದಿ ದುಂಬಿ. ಥಾಯ್ಲೆಂಡಿನ ಆರ್ಕಿಡ್ ಬೆಳೆಗಾರರಿಗೆ ಅದು ಬೇಡದ ಅತಿಥಿ. ಅದಕ್ಕೂ ಹೆಸರು ಕೊಟ್ಟವರು ಬಾಲಿಯವರೇ, 1865ರಲ್ಲಿ.

ಹಳದಿ, ಕಿತ್ತಳೆ, ಕಪ್ಪು ಮಚ್ಚೆ ಎಂದು ವಿವರಿಸುವುದು ಸುಲಭ. ಆದರೆ ಗುರುತಿಸುವ ಕೆಲಸದಲ್ಲಿ ಅತ್ಯಂತ ಕಡಿಮೆ ನಂಬಬೇಕಾದದ್ದು ಬಣ್ಣವನ್ನೇ. ಒಂದೇ ಪ್ರಭೇದದಲ್ಲಿ ಮಚ್ಚೆ ಹಿಗ್ಗಬಹುದು, ಕುಗ್ಗಬಹುದು, ಪೂರ್ತಿ ಅಳಿಸಿಯೂ ಹೋಗಬಹುದು. ಸತ್ತು ಒಣಗಿದ ಮೇಲೆ ಕೆಂಪು ಮಾಸಿ ಕಂದಾಗುತ್ತದೆ. ಹಾಗಾಗಿ ಕಣ್ಣು ಮೊದಲು ಹೋಗಬೇಕಾದದ್ದು ಪಾದಕ್ಕೆ. ಎಲೆ ದುಂಬಿಯ ಪಾದ ನಾಲ್ಕೇ ಗೆಣ್ಣಿನದು ಎಂಬಂತೆ ಕಾಣುತ್ತದೆ. ಮಸೂರದ ಕೆಳಗೆ ಹೊರಳಿಸಿ ನೋಡಿದರೆ ಹೃದಯದಾಕಾರದ ಮೂರನೆಯ ಗೆಣ್ಣಿನ ಸೀಳಿನಲ್ಲಿ, ಸಾಸಿವೆಯ ಚೂರಿನಂತಹ ನಾಲ್ಕನೆಯ ಗೆಣ್ಣು ಅಡಗಿರುತ್ತದೆ. ಉಗುರು ಹೊತ್ತದ್ದು ಐದನೆಯದು. ಉದ್ದ ಮೀಸೆಯ ಕೊರೆಯುವ ದುಂಬಿಗಳಿಗೂ ಇಂಥದೇ ಪಾದವಿದೆ, ಆದ್ದರಿಂದ ಇದೊಂದೇ ಗುರುತು ಸಾಲದು.

ಮುಂದಿನ ಹೆಜ್ಜೆ ಉಪಕುಟುಂಬ. ಮೇಲಿನ ಎರಡೂ ದುಂಬಿಗಳು ಕ್ರಯೊಸೆರಿನೆ ಗುಂಪಿನವು. ಹಿಂದೆ ಕತ್ತಿನಂತೆ ಕಿರಿದಾದ ತಲೆ, ಒಳ ಅಂಚಿನಲ್ಲಿ ಕಚ್ಚು ಬಿದ್ದ ಕಣ್ಣು, ಮೇಲ್ರೆಕ್ಕೆಗಳಿಗಿಂತ ತೀರ ಕಿರಿದಾಗಿ ಪಕ್ಕದಲ್ಲಿ ಅಂಚಿಲ್ಲದ ಮುನ್ನೆದೆ, ಮೇಲ್ರೆಕ್ಕೆಯುದ್ದಕ್ಕೂ ಸೂಜಿಯಲ್ಲಿ ಚುಚ್ಚಿದಂತಹ ಗುಳಿಗಳ ಸಾಲು. ಇನ್ನೊಂದು ಗುರುತು ಕಿವಿಗೆ ಸಿಗುವಂಥದ್ದು. ಬೆರಳುಗಳ ನಡುವೆ ಮೆಲ್ಲಗೆ ಹಿಡಿದರೆ ಈ ಗುಂಪಿನ ಹಲವು ದುಂಬಿಗಳು ಕೀಚ್ ಎನ್ನುತ್ತವೆ. ಉದರದ ತುದಿಯ ತಟ್ಟೆಯ ಮೇಲೆ ಅರದಂತಹ ಗೀರುಗಳಿರುತ್ತವೆ. ಅವುಗಳ ಮೇಲೆ ಮೇಲ್ರೆಕ್ಕೆಯ ತುದಿ ಉಜ್ಜಿದಾಗ ಬರುವ ಸದ್ದು ಅದು. ಲೇಮ ಕುಲವನ್ನು ಅದರ ಹತ್ತಿರದ ಲಿಲಿಯೊಸೆರಿಸ್‌ನಿಂದ ಬೇರ್ಪಡಿಸುವುದು ಉಗುರು: ಲೇಮದಲ್ಲಿ ಎರಡು ಉಗುರುಗಳು ಬುಡದಲ್ಲಿ ಕೂಡಿಕೊಂಡಿರುತ್ತವೆ, ಇನ್ನೊಂದರಲ್ಲಿ ಬಿಡಿಬಿಡಿಯಾಗಿರುತ್ತವೆ.

ಇಷ್ಟಾದರೂ ತಲುಪಿದ್ದು ಕುಲದವರೆಗೆ. ಪ್ರಭೇದದ ತೀರ್ಮಾನಕ್ಕೆ ಗಂಡು ದುಂಬಿಯ ಜನನಾಂಗವನ್ನು ನೋಡಲೇಬೇಕು. ಒಣಗಿದ ದುಂಬಿಯನ್ನು ಬಿಸಿನೀರಿನಲ್ಲಿ ಮೆತ್ತಗಾಗಿಸಿ, ಉದರವನ್ನು ಬಿಡಿಸಿ, ಸುಮಾರು ಶೇ 10ರ ಪೊಟ್ಯಾಷಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಬೆಚ್ಚಗೆ ಇಡುತ್ತಾರೆ. ಮಾಂಸ ಕರಗಿ, ಬಾಗಿದ ಕೊಳವೆಯಂತಹ ಕಂದು ಅಂಗ ಉಳಿಯುತ್ತದೆ. ಅದರ ತುದಿಯ ಆಕಾರ, ಒಳಚೀಲದ ಗಟ್ಟಿ ತುಣುಕುಗಳು ಪ್ರಭೇದದಿಂದ ಪ್ರಭೇದಕ್ಕೆ ಬೇರೆ. ಹೆಣ್ಣಿನಲ್ಲಿ ವೀರ್ಯಕೋಶದ ಸುರುಳಿಯನ್ನು ನೋಡುತ್ತಾರೆ. ನೋಡಿದ ಅಂಗವನ್ನು ಎಸೆಯುವಂತಿಲ್ಲ. ಗ್ಲಿಸರಿನ್ ತುಂಬಿದ ಪುಟ್ಟ ಸೀಸೆಗೆ ಹಾಕಿ, ಅದೇ ದುಂಬಿಯ ಸೂಜಿಗೆ ಚುಚ್ಚಿಡಬೇಕು. ಈಗ ಒಂದು ಕಾಲನ್ನು ಡಿಎನ್‌ಎ ಪರೀಕ್ಷೆಗೂ ಎತ್ತಿಡುವುದುಂಟು.

ನಂತರ ಹಳೆಯ ವಿವರಣೆಗಳೊಂದಿಗೆ ಹೋಲಿಕೆ. ಭಾರತದ ಕ್ರಯೊಸೆರಿನೆಗಳಿಗೆ ಇಂದಿಗೂ ಮೊದಲು ತೆರೆಯುವ ಪುಸ್ತಕ ಮಾರ್ಟಿನ್ ಜಾಕೋಬಿ ಬರೆದ 1908ರ ‘ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಸಂಪುಟ. ಜಾಕೋಬಿ ವೃತ್ತಿಯಲ್ಲಿ ಸಂಗೀತಗಾರ. ಪುಸ್ತಕ ಹೊರಬರುವ ಮೊದಲೇ ತೀರಿಕೊಂಡರು. ಅದರಲ್ಲಿ ಕೆನರಾ, ಬೆಳಗಾವಿ, ನೀಲಗಿರಿಗಳಿಂದ ಹೋದ ದುಂಬಿಗಳೂ ಇವೆ. ಆದರೆ ಆ ಕಾಲದ ಬಹುತೇಕ ಚೀಟಿಗಳಲ್ಲಿ ಇರುವುದು ಊರು ಮತ್ತು ಹಿಡಿದವರ ಹೆಸರು ಮಾತ್ರ. ಯಾವ ಗಿಡದ ಮೇಲಿತ್ತು, ಮರಿಹುಳು ಹೇಗಿತ್ತು ಎಂಬುದಕ್ಕೆ ಉತ್ತರವಿಲ್ಲ. ದೊಡ್ಡ ಕೊರತೆ ಇದೇ. ಮೀಸೆಯ ಗೆಣ್ಣುಗಳನ್ನು ಒಂದೊಂದಾಗಿ ಅಳೆದವರೂ ದುಂಬಿಯ ಬದುಕಿನ ಬಗ್ಗೆ ಒಂದು ಸಾಲು ಬರೆಯಲಾಗಲಿಲ್ಲ.

ಆದ್ದರಿಂದ ಇಂದಿನ ವಿವರಣೆಯಲ್ಲಿ ಗಿಡಕ್ಕೂ ದುಂಬಿಯಷ್ಟೇ ಜಾಗ ಸಿಗಬೇಕು. ಮಲೆನಾಡಿನಲ್ಲಿ ಇದು ಸುಲಭದ ಮಾತಲ್ಲ. ಪಶ್ಚಿಮ ಘಟ್ಟದ ಡೆಂಡ್ರೋಬಿಯಂ ಓವೇಟಂ, ಡೆಂಡ್ರೋಬಿಯಂ ಬಾರ್ಬಾಟುಲಂ ಎರಡೂ ಮರದ ಕೊಂಬೆಗೆ ಅಂಟಿ ಬೆಳೆಯುತ್ತವೆ. ಹೂವಿಲ್ಲದಾಗ ಅವನ್ನು ಬೇರೆ ಮಾಡಿ ಹೇಳುವುದು ಅನುಭವಿಗಳಿಗೂ ಕಷ್ಟ. ಹೂ ಬಿಡುವವರೆಗೆ ಕಾದು ಚಿತ್ರ ತೆಗೆದುಕೊಳ್ಳಬೇಕು. ಗಿಡವನ್ನು ಕೀಳುವ ಮಾತೇ ಇಲ್ಲ. ಕಾಡಿನಲ್ಲಿ ದುಂಬಿ ಹಿಡಿಯಲೂ ಅರಣ್ಯ ಇಲಾಖೆಯ ಅನುಮತಿ ಬೇಕು. ದುಂಬಿ ಗಿಡದ ಮೇಲೆ ಕೂತಿತ್ತು ಎಂದಷ್ಟೇ ಬರೆದರೆ ಸಾಲದು, ಕೂತದ್ದಕ್ಕೂ ತಿಂದದ್ದಕ್ಕೂ ವ್ಯತ್ಯಾಸವಿದೆ. ತಿನ್ನುವುದನ್ನು ಕಂಡಿರಬೇಕು. ಮರಿಹುಳುವನ್ನು ಅದೇ ಗಿಡದ ಎಲೆಯ ಮೇಲೆ ಸಾಕಿ ದುಂಬಿಯಾಗಿಸಿದರೆ ಇನ್ನೂ ಗಟ್ಟಿ. ಲೇಮದ ಮರಿಹುಳುವಿನ ಗುದದ್ವಾರ ಬೆನ್ನಿನ ಕಡೆಗೆ ತಿರುಗಿರುತ್ತದೆ. ತನ್ನ ಹಿಕ್ಕೆಯನ್ನೇ ಹಸಿಯಾಗಿ ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ನೋಡುವವರಿಗೆ ಎಲೆಗೆ ಅಂಟಿದ ಕೆಸರಿನ ಮುದ್ದೆಯಷ್ಟೇ.

ಹೋಲಿಕೆಯಲ್ಲಿ ಯಾವ ಹೆಸರೂ ಹೊಂದದಿದ್ದರೆ ಮಾತ್ರ ಅದು ಹೊಸ ಪ್ರಭೇದ. ಆಗ ಒಂದೇ ಒಂದು ದುಂಬಿಯನ್ನು ಆರಿಸಿ ಹೋಲೊಟೈಪ್ ಎಂದು ಸಾರಬೇಕು. 1999ರ ನಂತರ ಪ್ರಕಟವಾದ ಹೆಸರುಗಳಿಗೆ ಹೀಗೆ ಮಾದರಿಯನ್ನು ಸ್ಪಷ್ಟವಾಗಿ ಗೊತ್ತುಪಡಿಸುವುದು ಕಡ್ಡಾಯ. ಜೊತೆಯ ಉಳಿದವು ಪ್ಯಾರಾಟೈಪ್‌ಗಳು. ವಿವರಣೆಯಲ್ಲಿ ಅಳತೆ, ಬಣ್ಣ, ಗುಳಿಗಳ ಸಾಲು, ಅಂಗದ ಚಿತ್ರ, ಹತ್ತಿರದ ಪ್ರಭೇದಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಎಲ್ಲವೂ ಬರಬೇಕು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಭಾರತದಲ್ಲಿ ಸಿಕ್ಕ ಹೊಸ ಪ್ರಭೇದದ ಮಾದರಿಯನ್ನು ಸರ್ಕಾರ ಗೊತ್ತುಪಡಿಸಿದ ಸಂಗ್ರಹಾಲಯಕ್ಕೆ ಒಪ್ಪಿಸಬೇಕು. ಅಲ್ಲಿನ ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ ಹೋಲೊಟೈಪ್‌ನ ಸೂಜಿಗೆ ರೂಢಿಯಂತೆ ಕೆಂಪು ಚೀಟಿ ಸೇರುತ್ತದೆ. ಅದರ ಮೇಲಿನ ಬಿಳಿ ಚೀಟಿಯಲ್ಲಿ ಊರು, ಎತ್ತರ, ದಿನಾಂಕ, ಹಿಡಿದವರ ಹೆಸರು, ಕೊನೆಯ ಸಾಲಿನಲ್ಲಿ ಆರ್ಕಿಡ್‌ನ ಹೆಸರು.