ಮೂರು ಬೆರಳಿನ ಅಳತೆ

ಹಲ್ಲುನೋವಿಗೆ ಮಂಗಳೂರಿನ ಬಸ್ಸು ಹತ್ತುವ ಕಾಲ ಪುತ್ತೂರು, ಸುಳ್ಯ, ಕಡಬದಲ್ಲಿ ಯಾವತ್ತೋ ಮುಗಿಯಿತು. ಕುರುಂಜಿ ವೆಂಕಟ್ರಮಣ ಗೌಡರು 1991ರಲ್ಲಿ ಸುಳ್ಯದಲ್ಲೇ ದಂತ ವೈದ್ಯಕೀಯ ಕಾಲೇಜು ಕಟ್ಟಿದರು. ಈಗ ಸಣ್ಣ ಪೇಟೆಯಲ್ಲೂ ಡೆಂಟಲ್ ಕ್ಲಿನಿಕ್ಕಿನ ಬೋರ್ಡು ಕಾಣುತ್ತದೆ. ಆದರೆ ಬಿಡಿಎಸ್ ಎಂದರೆ ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಹಿಂದೆ ನಿಂತು ನೋಡುವ ಹಿರಿಯರು ಅಷ್ಟರವರೆಗೆ ಮಾತ್ರ. ಆಮೇಲೆ ಒಂದು ಕುರ್ಚಿ, ಒಬ್ಬ ಸಹಾಯಕಿ, ಬ್ಯಾಂಕಿನ ಕಂತು. ಒಂಟಿ ಕ್ಲಿನಿಕ್ಕಿನ ನಿಜವಾದ ತೊಂದರೆ ಬುದ್ಧಿಯದ್ದಲ್ಲ, ತಪ್ಪು ಕಣ್ಣಿಗೆ ಬೀಳದಿರುವುದು. ಗುಣವಾಗದ ರೋಗಿ ಜಗಳಕ್ಕೆ ಬರುವುದಿಲ್ಲ, ಸುಮ್ಮನೆ ಬೇರೆ ಡಾಕ್ಟರ ಹತ್ತಿರ ಹೋಗುತ್ತಾನೆ. ಬಾರದವನನ್ನು ಗುಣವಾದವನೆಂದು ಲೆಕ್ಕ ಹಾಕಿದರೆ ಅನುಭವದ ಜೊತೆ ತಪ್ಪೂ ಬೆಳೆಯುತ್ತದೆ.

ಮೇಲ್ದವಡೆಯ ಮೊದಲ ದವಡೆಹಲ್ಲನ್ನೇ ನೋಡಿ. ಬೇರು ಮೂರು, ಆದರೆ ಅರ್ಧಕ್ಕಿಂತ ಹೆಚ್ಚು ಹಲ್ಲುಗಳಲ್ಲಿ ನಾಲ್ಕನೆಯ ನಾಳವೊಂದು ಅಡಗಿರುತ್ತದೆ. ಸಾಮಾನ್ಯ ಎಕ್ಸ್‌ರೇಯಲ್ಲಿ ಅದು ಸುಲಭಕ್ಕೆ ಸಿಗದು. ಅದನ್ನು ಬಿಟ್ಟು ಮುಚ್ಚಿದ ರೂಟ್ ಕೆನಾಲ್ ತಿಂಗಳುಗಳ ನಂತರ ಮತ್ತೆ ನೋಯಬಹುದು. ಎಲ್ಲಿ ಕೆದಕಬೇಕು, ಎಲ್ಲಿ ಕೈ ನಿಲ್ಲಿಸಬೇಕು ಎಂಬುದನ್ನು ಪುಸ್ತಕಕ್ಕಿಂತ ಪಕ್ಕದಲ್ಲಿ ನಿಂತವರೇ ಬೇಗ ಕಲಿಸುತ್ತಾರೆ. ಇನ್ನು ಇದು ಅಡಿಕೆಯ ಸೀಮೆ. ಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ವರ್ಗೀಕರಿಸಿದೆ. (ಊರಿಗೆ ಅನ್ನ ಕೊಡುವ ಬೆಳೆಯ ಬಗ್ಗೆ ಈ ಮಾತು ಇಲ್ಲಿ ಯಾರಿಗೂ ಹಿತವಲ್ಲ.) ಖಾರ ತಿಂದರೆ ಬಾಯಿ ಉರಿ ಎಂದು ಬಂದವನಿಗೆ ವಿಟಮಿನ್ ಮಾತ್ರೆ ಬರೆದು ಕಳಿಸುವುದು ಸುಲಭ. ಕೆನ್ನೆಯ ಒಳಗೆ ಬಿಳಿಚಿದ ಬಿಗಿ ಪಟ್ಟಿ ಕೈಗೆ ಸಿಕ್ಕರೆ, ತೆರೆದ ಬಾಯಲ್ಲಿ ಅವನದೇ ಮೂರು ಬೆರಳು ನೆಟ್ಟಗೆ ಹೋಗದಿದ್ದರೆ, ಅದು ಸಬ್‌ಮ್ಯೂಕಸ್ ಫೈಬ್ರೋಸಿಸ್ ಇರಬಹುದು. ಮುಂದೆ ಕೆಲವರಲ್ಲಿ ಕ್ಯಾನ್ಸರಿಗೂ ತಿರುಗುವ ಕಾಯಿಲೆ.

ಇಂಥ ಅನುಮಾನ ಬಂದಾಗ ಇನ್ನೊಬ್ಬ ಡಾಕ್ಟರನ್ನು ಕೇಳಬೇಕು. ಕೇಳಿದರೆ ರೋಗಿಗೆ ನಂಬಿಕೆ ಹೋಗುತ್ತದೆ ಎನ್ನುವವರಿದ್ದಾರೆ. ಎರಡನೆಯ ಸಲ ಹಲ್ಲು ಕೊರೆಸಿಕೊಂಡವನಲ್ಲಿ ಉಳಿಯುವ ನಂಬಿಕೆ ಎಷ್ಟು? ಕಳಿಸಿದ ರೋಗಿ ಅಲ್ಲೇ ಉಳಿದುಬಿಟ್ಟರೆ ಎಂಬ ಭಯ ಮಾತ್ರ ಸುಳ್ಳಲ್ಲ, ಸಣ್ಣ ಪೇಟೆಯಲ್ಲಿ ಒಂದೊಂದು ಮನೆಯೂ ಲೆಕ್ಕಕ್ಕೆ ಬರುತ್ತದೆ. ಅದಕ್ಕೇ ಸಲಹೆಯ ಬಾಬ್ತು ಬೇರೆ, ಚಿಕಿತ್ಸೆಯ ಬಾಬ್ತು ಬೇರೆ ಎಂದು ಇಬ್ಬರೂ ಮೊದಲೇ ಮಾತಾಡಿಕೊಳ್ಳಬೇಕು. ಹಿರಿಯರ ವಿದ್ಯೆ ಹಳತಾಗಿರಬಹುದು ಎಂಬುದೂ ಒಪ್ಪುವ ಮಾತೇ. ಆದರೆ ಕೇಳುವುದೆಂದರೆ ತಲೆಬಾಗಿ ಪಾಲಿಸುವುದಲ್ಲ. ಇಪ್ಪತ್ತು ವರ್ಷ ಹಲ್ಲು ಕಿತ್ತವರು ನಿನ್ನೆ ಎಂಡಿಎಸ್ ಮುಗಿಸಿದ ಹುಡುಗಿಯನ್ನು ಕೇಳಿದರೂ ಅದು ಕಲಿಕೆಯೇ. ಕಡಬದಿಂದ ಸುಳ್ಯಕ್ಕೆ ಕಳಿಸುವ ಚೀಟಿಯಲ್ಲಿ ಬಾಯಿ ಎಷ್ಟು ಮಿಲಿಮೀಟರ್ ತೆರೆಯಿತು, ಅಡಿಕೆ ಜಗಿಯುವುದು ಎಷ್ಟು ವರ್ಷದಿಂದ, ತನ್ನ ಅನುಮಾನವೇನು ಎಂದು ಬರೆದಿರಲಿ. ಅದೇ ಚೀಟಿಯ ಬೆನ್ನಿಗೆ ಎರಡು ಸಾಲು ಉತ್ತರ ಬಂದರೆ, ಅಂಥ ಮುಂದಿನ ಬಾಯಿ ಕಡಬದಲ್ಲೇ ಗುರುತಾಗುತ್ತದೆ.